ರೇಣುಕಾಳ ಹಾಡು, ಪಲ್ಲವಿಯ ಮುಖ

ಮೆಮೊರಿ ಕಾರ್ಡ್ ಕೆಟ್ಟಿರಲಿಲ್ಲ. ಅದರಲ್ಲಿದ್ದುದನ್ನು ನಾನೇ ಅಳಿಸಿದೆ.

ಇಷ್ಟನ್ನು ಹೇಳಲು ನನಗೆ ಹತ್ತು ವರ್ಷದ ಮೇಲೆ ಬೇಕಾಯಿತು. ಹೇಳಲು ಧೈರ್ಯ ಇರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ — ಹೇಳದೆಯೂ ನನ್ನ ದಿನ ಸಲೀಸಾಗಿ ನಡೆಯುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಆಗ ನಾನು ಧಾರವಾಡದಲ್ಲಿ ಮಾಧ್ಯಮದ ವಿದ್ಯಾರ್ಥಿನಿ. ಕೆಲಗೇರಿಯ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆ ಕೋಣೆ, ಕಿಟಕಿ ತೆರೆದರೆ ಕೆರೆ. ನನ್ನ ಜೊತೆ ಆ ಕೋಣೆಯಲ್ಲಿದ್ದವಳು ರೇಣುಕಾ. ಶಿರಗುಪ್ಪಿಯ ಹತ್ತಿ ಬೆಳೆಯುವ ಮನೆತನದವಳು, ಇಲ್ಲಿ ಬಿ.ಎಡ್. ಓದುತ್ತಿದ್ದಳು. ಅವಳಿಗೆ ತೊನ್ನು ಇತ್ತು. ತುಟಿಯ ಸುತ್ತ, ಒಂದು ಕಣ್ಣಿನ ಕೆಳಗೆ, ಕುತ್ತಿಗೆಯ ಮೇಲೆ — ಕಪ್ಪು ಮೈಯಲ್ಲಿ ಬೆಳ್ಳಗೆ, ಅಂಚು ಅಂಚಾಗಿ. ಯಾರಾದರೂ ಫೋಟೋ ತೆಗೆಯಲು ಫೋನ್ ಎತ್ತಿದರೆ ಅವಳು ಥಟ್ಟನೆ ಕೈ ಚಾಚುತ್ತಿದ್ದಳು: "ಕೊಡ್ರಿ, ನಾ ತಗಿತೇನಿ." ಹೀಗಾಗಿ ಯಾವ ಫೋಟೋದಲ್ಲೂ ಅವಳಿರುತ್ತಿರಲಿಲ್ಲ. ಯಾರೂ ಗಮನಿಸುತ್ತಲೂ ಇರಲಿಲ್ಲ.

ಅವಳು ಹಾಡುತ್ತಿದ್ದಳು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ, ತಾನೇ ಕಟ್ಟಿದ ಹಾಡುಗಳನ್ನು. ಕೆಳಗಿನ ಮನೆಯವರು ಮಾತು ನಿಲ್ಲಿಸಿ ಕೇಳುತ್ತಿದ್ದರು — ಅಂಥ ಧ್ವನಿ.

ಕೊನೆಯ ಸೆಮಿಸ್ಟರಿನಲ್ಲಿ ನಮಗೊಂದು ಪ್ರಾಜೆಕ್ಟ್ ಬಂತು. ಹೊಸ ಗಾಯಕರೊಬ್ಬರ ಹಾಡಿಗೆ ಮ್ಯೂಸಿಕ್ ವಿಡಿಯೋ ಮಾಡಬೇಕು, ಅದರ ಆಲ್ಬಮ್ಮಿಗೆ ಪ್ಯಾಕೇಜಿಂಗ್ ವಿನ್ಯಾಸ ಮಾಡಬೇಕು — ಮುಂದಿನ ಹೊದಿಕೆ, ಹಿಂದಿನದು, ಒಳಗೊಂದು ಕಿರುಪುಸ್ತಿಕೆ, ಡಿಸ್ಕಿನ ಮೇಲಿನ ಚಿತ್ರ ಎಲ್ಲ. ಈಗ ಸಿ.ಡಿ. ಯಾರು ಕೊಳ್ಳುತ್ತಾರೆ ಎಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಗಾಯಕಿ ಸಿಕ್ಕಿದ್ದಳು.

ಇದೊಂದನ್ನು ನೀವು ನೆನಪಿಡಬೇಕು — ಅವಳು ಮೊದಲೇ ಹೇಳಿದ್ದಳು: "ನನ್ನ ಧ್ವನಿ ಬೇಕಾದ್ರ ತಗೋ. ಮಾರಿ ಬ್ಯಾಡ." ಮುಖವಿಲ್ಲದೆ ಬರೀ ಧ್ವನಿಗೆ ಒಪ್ಪಿಕೊಂಡಿದ್ದರೆ ಇವತ್ತು ಬರೆಯಲು ಏನೂ ಇರುತ್ತಿರಲಿಲ್ಲ. ನಾನೇ ಬಿಡಲಿಲ್ಲ. "ನಿನ್ನ ಮಾರಿ ಇಲ್ಲಂದ್ರ ನನಗ ಹಾಡೂ ಬ್ಯಾಡ" ಎಂದೆ. ಹತ್ತಿಯ ಹೊಲದ ನಡುವೆ ಅವಳನ್ನು ನಿಲ್ಲಿಸುತ್ತೇನೆ, ಹತ್ತಿ ಅವಳ ಮುಖದ ಮೇಲೂ ಒಡೆದ ಹಾಗೆ ಕಾಣುತ್ತದೆ ಎಂದೆ. ಅವಳು ಕೇಳಿದಳು: "ಖರೇನ ಹಂಗ ಕಾಣ್ತದೇನು?"

"ಖರೇನ" ಎಂದೆ. ಆಗ ಅದು ಸುಳ್ಳಾಗಿರಲಿಲ್ಲ.

ಹಾಡನ್ನು ಮೊದಲೇ ಬೇರೆಯಾಗಿ ಧ್ವನಿಮುದ್ರಿಸಿಕೊಂಡು, ಶಿರಗುಪ್ಪಿಯಲ್ಲಿ ಅವರ ಹೊಲದಲ್ಲೇ ಚಿತ್ರೀಕರಣ ಮಾಡಿದೆವು. ಹತ್ತಿ ಬಿಡಿಸುವ ಕಾಲ. ಮೊದಮೊದಲು ಅವಳು ಓಢಣಿಯನ್ನು ಗದ್ದದವರೆಗೆ ಎಳೆದುಕೊಳ್ಳುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಅದು ಯಾವಾಗ ಹೆಗಲಿಗೆ ಜಾರಿತೋ — ಅವಳಿಗೂ ತಿಳಿಯಲಿಲ್ಲ. ಕ್ಯಾಮೆರಾವನ್ನು ನೇರ ನೋಡಿ ಹಾಡಿದಳು. ಬದುವಿನ ಮೇಲೆ ಕುಳಿತಿದ್ದ ಅವಳಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಯವ್ವಾ, ನನ್ನ ಮಗಳು ಹಿಂಗ ತಲಿ ಎತ್ತಿ ನಿಂತದ್ದ ನಾ ನೋಡಿರಲಿಲ್ಲ."

ಹೇಗೆ ಬಂದಿದೆ ತೋರಿಸು ಎಂದು ರೇಣುಕಾ ಅಲ್ಲೇ ಕೇಳಿದಳು. ಎಡಿಟ್ ಆದ ಮೇಲೆ ಪೂರ್ತಿ ನೋಡುವಂತಿ, ಈಗ ಬ್ಯಾಡ ಎಂದೆ. ಅವಳು ನಕ್ಕು ಬಿಟ್ಟಳು.

ಎರಡು ದಿನ ಬಿಟ್ಟು ವಿಭಾಗದ ಕಂಪ್ಯೂಟರಿನಲ್ಲಿ ಆ ದೃಶ್ಯಗಳನ್ನು ಜೋಡಿಸುತ್ತಿದ್ದೆ. ಹಿಂದೆ ಹಾದುಹೋದ ಸಹಪಾಠಿಯೊಬ್ಬ ನಿಂತು ಕೇಳಿದ: "ಏನಿದು, ಚರ್ಮರೋಗದ ಮ್ಯಾಲೆ ಮಾಡಾಕತ್ತೀಯೇನ?" ಕೆಟ್ಟದಾಗಿ ಕೇಳಲಿಲ್ಲ — ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಜೊತೆಯಲ್ಲಿದ್ದವರು ನಕ್ಕರು, ಮುಂದೆ ಹೋದರು. ಅಷ್ಟೇ. ಯಾರೂ ಬದಲಾಯಿಸು ಎನ್ನಲಿಲ್ಲ. ಅಂಕ ಕಡಿಮೆ ಬರುತ್ತದೆ ಎಂದು ಹೆದರಿಸಲಿಲ್ಲ. ನಾನು ತಿರುಗಿ ಪರದೆ ನೋಡಿದೆ — ಮತ್ತು ನನಗೆ ಹತ್ತಿ ಕಾಣಲಿಲ್ಲ. ಅವರಿಗೆ ಕಂಡದ್ದೇ ಕಂಡಿತು.

ಅವತ್ತು ಸಂಜೆ ರೇಣುಕಾ ಸ್ಟೋವಿನ ಮುಂದೆ ಕುಳಿತು ಚಪಾತಿ ಬೇಯಿಸುತ್ತಿದ್ದಳು. ನಾನು ಅವಳ ಬೆನ್ನಿಗೆ ಹೇಳಿದೆ: "ಕಾರ್ಡ್ ಕೆಟ್ಟೈತಿ ರೇಣು. ಏನೂ ಉಳದಿಲ್ಲ."

ಅವಳು ತಿರುಗಿದಳು. "ಹೋಗ್ಲಿ ಬಿಡು, ಅದಕ್ಯಾಕ ಮಾರಿ ಸಣ್ಣ ಮಾಡ್ಕೊಳ್ತಿ? ಮತ್ತ ತಗಿಯೂಣು. ನಾ ಬರ್ತೇನಿ."

"ಟೈಮ್ ಇಲ್ಲ."

"ಹಂಗಾದ್ರ ಕಾರ್ಡ್ ಕೊಡು. ಹುಬ್ಬಳ್ಳ್ಯಾಗ ಕೆಟ್ಟ ಕಾರ್ಡಿನಿಂದ ವಾಪಸ್ ತಗದು ಕೊಡ್ತಾರಂತ. ನಾಳೆ ಹೆಂಗೂ ಹೊಂಟೇನಿ."

ನನ್ನನ್ನು ಸಮಾಧಾನ ಮಾಡಲು ಅವಳು ದಾರಿ ಹುಡುಕುತ್ತಿದ್ದಳು. ಅವಳು ಕಂಡುಕೊಂಡ ಒಂದೊಂದು ದಾರಿಯೂ ನನ್ನ ಸುಳ್ಳಿನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಕಾರ್ಡ್ ವಿಭಾಗದಲ್ಲೇ ಉಳಿದಿದೆ ಎಂದೆ. ಮರುದಿನ ಹೋದವಳೇ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದೆ, ಕಾರ್ಡಿನಲ್ಲಿದ್ದುದನ್ನು ಅಳಿಸಿದೆ, ಅದೇ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ಬೇರೊಬ್ಬರ ಹತ್ತಿ ಹೊಲದಲ್ಲಿ ಅದರ ಮೇಲೆ ಪಲ್ಲವಿಯನ್ನು ಚಿತ್ರೀಕರಿಸಿದೆ — ಯಾರೂ ಯಾವತ್ತೂ ಹಿಂದಕ್ಕೆ ತೆಗೆಯಬಾರದು ಎಂದು. ಸುಳ್ಳನ್ನು ಹಾಗೇ ಇಟ್ಟುಕೊಳ್ಳಲು ನನಗೆ ಭಯವಾಯಿತು, ಅದನ್ನು ನಿಜ ಮಾಡಿಬಿಟ್ಟೆ.

ಪಲ್ಲವಿ ನನ್ನ ತರಗತಿಯವಳು. ಚೆಲುವೆ, ಕಪಟ ತಿಳಿಯದವಳು. ಹಾಡಿದಾಕಿಗೆ ಕ್ಯಾಮೆರಾ ಅಂದ್ರ ಅಂಜಿಕಿ, ನೀ ತುಟಿ ಆಡಿಸಿದ್ರ ಸಾಕು ಎಂದು ಅವಳಿಗೆ ಹೇಳಿದ್ದೆ. ಆಲ್ಬಮ್ಮಿನ ಹೊದಿಕೆಯ ಮೇಲೆ ಬಿಳಿ ಹತ್ತಿಯ ನಡುವೆ ಅವಳ ಮುಖ ಬಂತು. ಒಳಗಿನ ಪುಸ್ತಿಕೆಯಲ್ಲಿ ಪಲ್ಲವಿಯ ಪೂರ್ತಿ ಹೆಸರು, ನನ್ನ ಪೂರ್ತಿ ಹೆಸರು. ಹಾಡಿದವಳದು ಮಾತ್ರ — "ಧ್ವನಿ: ಆರ್." ಹೀಗಿದ್ದರೆ ಕುತೂಹಲ ಹುಟ್ಟುತ್ತದೆ, ಇದೂ ವಿನ್ಯಾಸವೇ ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮ ಪ್ರಾಜೆಕ್ಟುಗಳ ಪ್ರದರ್ಶನಕ್ಕೆ ಹೊರಗಿನವರನ್ನು ಬಿಡುವುದಿಲ್ಲ ಎಂದು ರೇಣುಕಾಳಿಗೆ ತಿಳಿಸಿದ್ದೆ. ಆದರೆ ಎಲ್ಲರೂ ಬನ್ನಿ ಎಂದು ವಿಭಾಗವೇ ಊರ ತುಂಬ ಹೇಳಿತ್ತು. ದೀಪ ಆರುವ ಮುಂಚೆ ಹಿಂದಿನ ಸಾಲಿನಲ್ಲಿ ನಾನವರನ್ನು ಕಂಡೆ — ರೇಣುಕಾ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟುಕೊಂಡು ಅವಳಪ್ಪ. ಅವರು ನನ್ನತ್ತ ಕೈ ಎತ್ತಿದರು.

ಕಾರ್ಡ್ ಕೆಟ್ಟ ಮೇಲೆ ಬರೀ ಹೊಲ, ಕೈ, ಹತ್ತಿ ತೋರಿಸಿ ಮುಗಿಸಿದ್ದೇನೆ ಎಂದು ಅವಳು ತಿಳಿದಿದ್ದಳು. ಹಾಡು ಶುರುವಾಯಿತು. ಅವಳ ಧ್ವನಿಗೆ ಪಲ್ಲವಿ ಬಾಯಿ ತೆರೆದಳು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಮುಗಿದಾಗ ಜೋರು ಚಪ್ಪಾಳೆ. ಅತಿಥಿಯಾಗಿ ಬಂದಿದ್ದ ಹಿರಿಯರು ಪಲ್ಲವಿಯನ್ನು ವೇದಿಕೆಗೆ ಕರೆದು, ಎರಡು ಸಾಲು ಹಾಡಮ್ಮ ಎಂದರು. ಪಲ್ಲವಿ ಕೆಂಪಾದಳು. "ನಾ ಹಾಡಿಲ್ರಿ ಸರ್. ಹಾಡಿದವರು ಬ್ಯಾರೆ ಅದಾರ. ಅಶ್ವಿನಿಗೆ ಗೊತ್ತದ."

ಸಭಾಗೃಹದ ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಯಾರೋ ಮೈಕು ತಂದು ನನ್ನ ಕೈಗಿಟ್ಟರು.

"ಯಾರಮ್ಮ ಹಾಡಿದ್ದು?"

ಒಂದು ಹೆಸರು. ಒಂದು ಬೆರಳು ಹಿಂದಿನ ಸಾಲಿನತ್ತ. ಅಷ್ಟು ಮಾಡಿದ್ದರೆ ಸಾಕಿತ್ತು — ಆ ಗಳಿಗೆಯಲ್ಲೂ, ಅಷ್ಟೆಲ್ಲ ಮಾಡಿದ ಮೇಲೂ, ಸಾಕಾಗುತ್ತಿತ್ತೋ ಏನೋ.

"ಹಳ್ಳ್ಯಾಗಿನ ಒಬ್ಬಾಕಿ, ಸರ್" ಎಂದೆ. "ಇವತ್ತು ಬಂದಿಲ್ಲ."

ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ನೀಚವಾದದ್ದು ಇನ್ನೊಂದಿಲ್ಲ. ಅದೂ ಮೈಕಿನಲ್ಲಿ.

ಹೊರಗೆ ಮೇಜಿನ ಮೇಲೆ ನಮ್ಮೆಲ್ಲರ ಪ್ಯಾಕೇಜಿಂಗ್ ಜೋಡಿಸಿಟ್ಟಿದ್ದರು. ರೇಣುಕಾ ನನ್ನದನ್ನು ಕೈಗೆತ್ತಿಕೊಂಡಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿದಳು, ಪುಸ್ತಿಕೆ ತೆರೆದು ಓದಿದಳು, ಮತ್ತೆ ಅದರ ಜಾಗದಲ್ಲೇ ಇಟ್ಟಳು. ಅವಳಪ್ಪ ಮಾತ್ರ, "ಧ್ವನಿ ಭಾಳ ಛಲೋ ಕೇಳಿಸ್ತು ಯವ್ವಾ" ಎಂದು ನನಗೆ ಕೈ ಮುಗಿದರು. ಆ ಮನುಷ್ಯ ನನಗೆ ಕೈ ಮುಗಿದರು.

ಅವರು ಮುಂದೆ ಹೋದ ಮೇಲೆ ಅವಳು ಕೇಳಿದಳು: "ಕಾರ್ಡ್ ಖರೇನ ಕೆಟ್ಟಿತ್ತೇನು?"

"ಖರೇನ."

ಅವಳು ಆಯಿತು ಎನ್ನುವಂತೆ ತಲೆಯಾಡಿಸಿದಳು. ವಾರ ಕಳೆಯುವುದರೊಳಗೆ ಕೋಣೆ ಬಿಟ್ಟಳು — ಜಗಳವಿಲ್ಲ, ಒಂದು ಬಿರುಸು ಮಾತಿಲ್ಲ. ನಾನು ತರಗತಿಯಿಂದ ಬಂದಾಗ ಅವಳ ಕಡೆಯ ಗೋಡೆ ಬರಿದಾಗಿತ್ತು. ನಾನಿಲ್ಲದ ಹೊತ್ತು ನೋಡಿ ಹೋಗಿದ್ದಳು. ಆಮೇಲೆ ಆ ಮಾಳಿಗೆಯಲ್ಲಿ ನಾನೊಬ್ಬಳೇ. ಬಟ್ಟೆ ಒಣಹಾಕಲು ಹೋದರೆ ಕೆಳಗಿನ ಮನೆಯಾಕೆ ಕೇಳುತ್ತಿದ್ದರು, "ಆ ಹಾಡೂ ಹುಡುಗಿ ಎಲ್ಲೆ ಹೋದ್ಳವಾ?" ನಾನು ಒಳಗೇ ಒಣಹಾಕತೊಡಗಿದೆ.

ಆ ಪ್ರಾಜೆಕ್ಟಿನಿಂದಲೇ ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಸಿಕ್ಕಿತು. ಈಗ ಕೇಶ್ವಾಪುರದಲ್ಲಿ ಒಬ್ಬಳೇ ಇರುತ್ತೇನೆ. ಪರಿಚಯದವರು ಬೇಕಾದಷ್ಟು ಇದ್ದಾರೆ, ಹಬ್ಬಕ್ಕೆ ಕರೆಯುತ್ತಾರೆ, ಹೋಗಿ ಉಂಡು ಬರುತ್ತೇನೆ. ಆದರೆ ಯಾರಾದರೂ ತುಸು ಹತ್ತಿರ ಬಂದು ತಮ್ಮೊಳಗಿನದನ್ನು ಹೇಳತೊಡಗಿದರೆ ನಾನು ಹಿಂದೆ ಸರಿಯುತ್ತೇನೆ. ಅವರಿಗೆ ಅದು ಬಿಗುಮಾನ ಅನಿಸುತ್ತದೆ. ನಂಬಿ ಓಢಣಿ ಜಾರಲು ಬಿಟ್ಟವಳಿಗೆ ನಾನೇನು ಮಾಡಿದೆ ಎಂಬುದು ನನಗೆ ಗೊತ್ತಲ್ಲ — ಮತ್ತೊಬ್ಬರಿಗೆ ಮಾಡಲಾರೆ ಎಂದು ಯಾವ ಭರವಸೆ? ಒಂಟಿತನವನ್ನು ಯಾರೂ ನನಗೆ ಶಿಕ್ಷೆಯಾಗಿ ಕೊಟ್ಟಿದ್ದಲ್ಲ. ಅದನ್ನು ನಾನೇ ರೂಢಿ ಮಾಡಿಕೊಂಡೆ.

ವಿಭಾಗದವರು ವರ್ಷ ವರ್ಷ ಕರೆಯುತ್ತಾರೆ. ಹೊಸ ವಿದ್ಯಾರ್ಥಿಗಳಿಗೆ ಮಾದರಿ ಎಂದು ಅದೇ ವಿಡಿಯೋ ತೋರಿಸುತ್ತಾರೆ. ನಾನು ಬಣ್ಣ, ಅಕ್ಷರ, ಚೌಕಟ್ಟು ಎಂದು ಮಾತಾಡಿ ಬರುತ್ತೇನೆ. ಕಳೆದ ಸಲ ಒಬ್ಬ ಹುಡುಗಿ ಎದ್ದು ನಿಂತು, ಹಾಡಿದವರು ಯಾರ್ರಿ ಮೇಡಂ ಎಂದು ಕೇಳಿದಳು. "ಹಳ್ಳ್ಯಾಗಿನ ಒಬ್ಬರು" ಎಂದೆ. ಯೋಚಿಸದೆ, ಒಂದು ಕ್ಷಣವೂ ತಡವರಿಸದೆ. ಮೊದಲ ಸಲ ಆ ಮಾತು ಹೇಳುವಾಗ ಅದು ಸುಳ್ಳೆಂಬ ಅರಿವಾದರೂ ಚುಚ್ಚಿತ್ತು. ಆ ಹುಡುಗಿಯೆದುರು ಏನೂ ಅನಿಸಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಆ ವಾರವೇ ಶಿರಗುಪ್ಪಿಗೆ ಹೋದೆ. ಅವಳೀಗ ಶಾಲೆಯಲ್ಲಿ ಕಲಿಸುತ್ತಾಳೆ ಎಂದಷ್ಟೇ ಗೊತ್ತಿತ್ತು. ಬಾಗಿಲು ತೆರೆದವಳನ್ನು ನಾನು ಗುರುತಿಸಲಿಲ್ಲ. ಬಿಳುಪು ಹರಡಿ ಹರಡಿ ಪೂರ್ತಿ ಕೂಡಿಕೊಂಡಿತ್ತು — ಹಣೆ, ಕೆನ್ನೆ, ಕತ್ತು, ಎಲ್ಲ ಒಂದೇ ಬಣ್ಣ. ಅವಳೇ ಗುರುತಿಸಿದಳು. "ಅಶ್ವಿನಿ? ಬಾ ಒಳಗ." ನೀರು ಕೊಟ್ಟಳು, ಚಹಾ ಮಾಡಿದಳು, ಅಪ್ಪ ಹೊಲಕ್ಕೆ ಹೋಗಿದ್ದಾರೆ ಎಂದಳು.

ನಾನು ಎಲ್ಲವನ್ನೂ ಹೇಳಿದೆ.

"ಕಾರ್ಡ್ ಕೆಟ್ಟಿಲ್ಲಂತ ನನಗ ಅವತ್ತ ಗೊತ್ತಾತು" ಎಂದಳು. "ಅಳಿಸಿದ್ದು ಗೊತ್ತಿರಲಿಲ್ಲ. ಎಲ್ಲ್ಯರೆ ಒಂದ ಕಡೆ ಇಟ್ಟಿರ್ತಿ ಅಂದ್ಕೊಂಡಿದ್ದೆ."

ಎಲ್ಲೂ ಇಲ್ಲ ಎಂದು ತಲೆಯಾಡಿಸಿದೆ.

"ಆಗಿನ ಮಾರಿ ಈಗ ಇಲ್ಲ, ನೋಡ್ತಿ ಅಲ್ಲ. ಅದರದ ಒಂದೂ ಫೋಟೋ ನನ್ನ ಹತ್ರ ಇಲ್ಲ. ಎಲ್ಲಾರ್ದೂ ನಾನ ತಗಿತಿದ್ದೆ." ಚಹಾದ ಕಪ್ಪು ಪಕ್ಕಕ್ಕಿಟ್ಟಳು. "ನೀ ತಗದದ್ದ ಒಂದ. ಒಮ್ಮೆ ನೋಡಬೇಕಂತ ಭಾಳ ಆಸಿ ಇತ್ತು. ಅವತ್ತು ಹೊಲದಾಗ ನಾ ಛಂದ ಕಾಣಾಕತ್ತೇನಿ ಅಂತ ನನಗ ಅನಿಸಿತ್ತು."

ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳೆದುರು ಅದನ್ನು ಆಡಲು ನಾಚಿಕೆಯಾಯಿತು. ಆಡಿದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೇಳಿದಳು: "ನೀ ನನಗ ಹೇಳಿದಿ, ಛಲೋ ಆತು. ಆದ್ರ ಇಲ್ಲೆ ನಾವಿಬ್ಬರ ಅದೀವಿ. ಅವತ್ತು ಹಾಲ್ ತುಂಬ ಮಂದಿ ಇದ್ರು."

ಈ ವರ್ಷ ವಿಭಾಗದವರು ಕರೆದಾಗ ಹೋದೆ. ವಿಡಿಯೋ ತೋರಿಸಿ ಮುಗಿಸಿದ ಮೇಲೆ ಮೈಕು ಹಿಡಿದು ಹೇಳಿದೆ — ಹಾಡಿದವಳು, ಹಾಡು ಕಟ್ಟಿದವಳು ಶಿರಗುಪ್ಪಿಯ ರೇಣುಕಾ. ಈ ಮುಖ ಅವಳದಲ್ಲ. ಅವಳ ಮುಖ ಇತ್ತು, ನಾನು ನಾಚಿ ಅಳಿಸಿದೆ. ಅವಳು ಇದೇ ಸಭಾಗೃಹದ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಗ ಬಂದಿಲ್ಲ ಎಂದೆ. ಇನ್ನು ಮುಂದೆ ಇದನ್ನು ಮಾದರಿ ಎಂದು ತೋರಿಸಬೇಡಿ ಎಂದು ಕೇಳಿಕೊಂಡೆ. ವೇದಿಕೆಯಿಂದ ಇಳಿದು ಬರುವಾಗ ವಿದ್ಯಾರ್ಥಿಗಳು ದಾರಿ ಬಿಟ್ಟರು. ಬೇರೆ ವರ್ಷ ಸುತ್ತುವರಿಯುತ್ತಿದ್ದರು, ಈ ಸಲ ಯಾರೂ ಮಾತಾಡಿಸಲಿಲ್ಲ.

ಹೊರಗೆ ಬಂದು ರೇಣುಕಾಳಿಗೆ ಫೋನ್ ಮಾಡಿದೆ.

"ಹೇಳಿದೆ" ಎಂದೆ.

"ಮಂದಿ ಇದ್ರೇನು?"

"ತುಂಬಿತ್ತು."

ಆ ಕಡೆ ಶಾಲೆಯ ಗದ್ದಲ ಕೇಳುತ್ತಿತ್ತು. "ಆತು" ಎಂದಳು. "ಇಡ್ತೇನಿ. ಕ್ಲಾಸ್ ಐತಿ."

ಮತ್ತೆ ಬಾ ಎನ್ನಲಿಲ್ಲ. ನಮ್ಮ ಕಡೆ ಎಂಥ ಹೊರಗಿನವರಿಗೂ ಅನ್ನುವ ಮಾತು ಅದು. ಅವಳು ಅನ್ನಲಿಲ್ಲ — ಮತ್ತು ನಾನು ಅದನ್ನು ಕೇಳಿ ಪಡೆಯುವುದಿಲ್ಲ.