ಹಳ್ಳದಲ್ಲಿ ಕಟ್ಟಿದ ಕೆಂಪು ಪಟ್ಟಿಗಳು

ಮರಳುಗಾಡಿನ ಕಮರಿಯೊಳಗೆ ಐವತ್ತು ಕಿಲೋಮೀಟರು ಓಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ನಲವತ್ತೇಳನೇ ವಯಸ್ಸಿಗೆ. ಆ ವಯಸ್ಸಿಗೆ ನಮ್ಮ ಓಣಿಯ ಹೆಂಗಸರಿಗೆ ಮೊಣಕಾಲು ನೋವು ಹತ್ತುತ್ತದೆ, ನನಗೆ ಇದು ಹತ್ತಿತು, ಏನು ಮಾಡಲಿ! ವಿಜಯಪುರದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಬೆಳಿಗ್ಗೆ ತೊರವಿಯ ತನಕ ಓಡಿ ಬಂದು, ಹತ್ತು ಗಂಟೆಗೆ ಅಂಗಡಿಯಲ್ಲಿ ಬ್ಲೌಸ್ ಪೀಸು ಹರಿಯುತ್ತಾ ಕೂರುವವಳು ನಾನು.

ಓಟ ಇದ್ದದ್ದು ರಾಜಸ್ಥಾನದ ಕಡೆ. ಎರಡೂ ಬದಿಗೆ ಬಂಡೆ, ನಡುವೆ ಉಸುಕು, ಗಾಳಿಯ ಸುಳಿವಿಲ್ಲ. ನಕಾಶೆಯನ್ನು ಊಟದ ಹೊತ್ತಿಗೆ ಯಜಮಾನರ ತಾಟಿನ ಪಕ್ಕ ಹರಡಿದೆ. ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಉಪ್ಪು ನೆಕ್ಕಬೇಕು, ಎಲ್ಲಿ ಕಡಕ್ ರೊಟ್ಟಿ ಮುರಿಯಬೇಕು ಎಂದು ಬೆರಳಿಟ್ಟು ತೋರಿಸಿದೆ. ಅವರು ನಿಧಾನವಾಗಿ ಪಲ್ಯ ಮುಗಿಸಿದರು.

"ಓಡಾಕ ರಾಜಸ್ಥಾನಕ್ಕ ಹೋಗಬೇಕೇನ? ಟಿಕೋಟಾದ ಹಳ್ಳ ಏನ್ ಪಾಪ ಮಾಡೈತಿ?"

ಆಮೇಲೆ ಶರ್ತು ಬಂತು. "ಟಿಕೋಟಾದಿಂದ ಹಳ್ಳ ಹಿಡದು ಬಬಲೇಶ್ವರಕ್ಕ ಬಾ. ಎಂಟಕ್ಕ ಬಿಡು, ಹನ್ನೆರಡರ ಒಳಗ ಮುಟ್ಟು. ಮುಟ್ಟಿದ್ರ ನಾನೂ ರಾಜಸ್ಥಾನಕ್ಕ ಬಂದು ನಿನ್ನ ಚೀಲಾ ಹೊರತೀನಿ. ಒಂದು ನಿಮಿಷ ತಡಾ ಆತಂದ್ರ ಈ ಮಾತು ಮನ್ಯಾಗ ಮತ್ತ ಎತ್ತಬಾರದು."

ಗಿರಾಕಿಯ ಜೊತೆ ಚೌಕಾಸಿ ಮಾಡಿ ಮಾಡಿ ಈ ಮನುಷ್ಯ ಹೆಂಡತಿಯ ಆಸೆಗೂ ರೇಟು ಕಟ್ಟಲು ಕಲಿತಿದ್ದರು. ಮೈಯೆಲ್ಲ ಉರಿಯಿತು. "ಆಗಲ್ರಿ," ಎಂದೆ.

ಆ ಹಳ್ಳ ಬೇಸಿಗೆಯಲ್ಲಿ ಬತ್ತಿ, ಆಳುದ್ದದ ದಂಡೆಗಳ ನಡುವೆ ಉಸುಕಿನ ಹಾದಿಯಾಗುತ್ತದೆ. ಆದರೆ ಅಲ್ಲಲ್ಲಿ ಕವಲೊಡೆಯುತ್ತದೆ, ತಪ್ಪಿದರೆ ಯಾರದೋ ಹೊಲ. ಅದಕ್ಕೆ ಅಂಗಡಿಯಲ್ಲಿ ಉಳಿದಿದ್ದ ಕೆಂಪು ಲೈನಿಂಗ್ ಬಟ್ಟೆಯನ್ನು ಉದ್ದುದ್ದ ಹರಿದು, ಎರಡು ದಿನ ಮೊದಲೇ ಹೋಗಿ, ಕವಲಿಗೊಂದರಂತೆ ಜಾಲಿ ಗಿಡಕ್ಕೆ ಕಟ್ಟಿದೆ. ತಲೆಗೆ ಟೊಪ್ಪಿಗೆ, ಕೈಯಲ್ಲಿ ನಕಾಶೆ, ನಿಂತಲ್ಲಿ ನಿಂತು ದೂರ ಬರೆದುಕೊಳ್ಳುವುದು. ಕಾಲುವೆ ತೋಡುವ ಮೊದಲು ಸರ್ವೇದವರು ಬರುವುದೂ ಹೀಗೆಯೇ, ಕೆಂಪು ಗುರುತು ಹಾಕುವುದೂ ಹೀಗೆಯೇ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ ನೋಡಿ.

ಶರ್ತಿನ ದಿನ ಯಜಮಾನರು ನನ್ನನ್ನು ಟಿಕೋಟಾದಲ್ಲಿ ಇಳಿಸಿ, ಕಾರು ತಗೊಂಡು ಬಬಲೇಶ್ವರಕ್ಕೆ ಹೋದರು. ಮೊದಲ ಒಂದು ತಾಸು ಸರಾಗ. ಆಮೇಲೆ ಪಟ್ಟಿ ಹಳ್ಳ ಬಿಟ್ಟು ದಂಡೆ ಹತ್ತಿತ್ತು. ನಾನೂ ಹತ್ತಿದೆ. ಇನ್ನೊಂದು ಪಟ್ಟಿ ಬೇಲಿಯ ಮೇಲೆ. ಬೇಲಿ ದಾಟುವಾಗ ಪಕ್ಕದ ದ್ರಾಕ್ಷಿ ತೋಟದಿಂದ ಒಬ್ಬ ಗಂಡಸು ಕೈ ಮುಗಿಯುತ್ತಾ ಓಡಿ ಬಂದ.

"ನಮ್ಮ ದ್ರಾಕ್ಷಿ ಮ್ಯಾಲೆ ಕಾಲುವಿ ಹಾಯಸಬ್ಯಾಡ್ರಿ ಮೇಡಂ. ಅದಕ್ಕ ಪಟ್ಟಿ ಬಿಚ್ಚಿ ನಮ್ಮ ತಮ್ಮನ ಹೊಲಕ್ಕ ಕಟ್ಟೇನಿ. ಅಂವಾ ಬೆಳದು ಏನ್ ಕಡದು ಕಟ್ಟಿ ಹಾಕ್ಯಾನ?"

"ಯಣ್ಣಾ, ನಾ ಸರ್ವೇದಾಕಿ ಅಲ್ಲೋ. ಓಡಾಕ ಬಂದೇನಿ."

ಅವನು ನನ್ನ ಬೆನ್ನ ಹಿಂದೆ ಹಣಿಕಿ ಹಾಕಿದ. "ಯಾರ ಬೆನ್ನ ಹತ್ಯಾರ್ರಿ?"

ಅವನಿಗೆ ತಿಳಿಹೇಳಿ, ಅವನ ತಮ್ಮನ ಹೊಲ ಸುತ್ತಿ ಹಳ್ಳ ಹುಡುಕುವಷ್ಟರಲ್ಲಿ ಅರ್ಧ ತಾಸು ಮಣ್ಣುಪಾಲು. ಅಣ್ಣತಮ್ಮಂದಿರಿಬ್ಬರನ್ನೂ ಮನಸಾರೆ ಬೈಯುತ್ತಾ ಓಡಿದೆ.

ನಿಡೋಣಿಯ ಸೀಮೆ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಅಲ್ಲಿ ಹಳ್ಳ ಮೂರು ಕವಲು. ಪಟ್ಟಿ ಒಂದೂ ಇಲ್ಲ. ತಲೆ ಎತ್ತಿ ನೋಡಿದರೆ ದಂಡೆಯ ಮೇಲಿನ ಒಂದೇ ಜಾಲಿಗೆ ಏಳು ಪಟ್ಟಿ ಸಾಲಾಗಿ ತೂಗುತ್ತಿವೆ, ಕೆಳಗೆ ನನ್ನದೇ ವಯಸ್ಸಿನ ಹೆಂಗಸು ಮಜ್ಜಿಗೆಯ ಚರಿಗೆ ಹಿಡಿದು ಕೂತಿದ್ದಾಳೆ.

"ಬರ್ರಿ ಅಕ್ಕಾರ, ಮುಂಜಾನಿಂದ ಕಾಯಾಕತ್ತೇನಿ. ಮುಂದಿನ ಪಟ್ಟಿ ಎಲ್ಲಾ ನಾನ ಬಿಚ್ಚಿ ತಂದೇನ್ರಿ. ಪ್ರತಿ ಸಲ ಕಾಲುವಿ ನಮ್ಮನ್ನ ಬಿಟ್ಟು ಕೆಳಗ ಹೋಗತೈತಿ. ಈ ಸಲ ನಮ್ಮ ಹೊಲದಾಗ ಹಾಯಲಿ. ಬರತೈತಲ್ರಿ ನೀರು?"

ಮಜ್ಜಿಗೆ ಕುಡಿದೆ. ನಿಜ ಹೇಳಿದರೆ ಆ ದ್ರಾಕ್ಷಿಯವನಿಗೆ ಹೇಳಿದಂತೆ ಮೊದಲಿನಿಂದ ಹೇಳಬೇಕು, ಮತ್ತೆ ಅರ್ಧ ತಾಸು ಹೋಗುತ್ತದೆ. ಯಜಮಾನರು ಗಡಿಯಾರ ನೋಡಿ ಮುಗುಳುನಗುವ ಮುಖ ಕಣ್ಣ ಮುಂದೆ ಬಂತು.

"ಬರತೈತಿ ಬೇ," ಎಂದೆ. "ಇಲ್ಲೇ ಹಾಯತೈತಿ. ಬಬಲೇಶ್ವರಕ್ಕ ಯಾವ ಹಳ್ಳ?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾದಿ ತೋರಿಸಲು ನನ್ನ ಮುಂದೆ ಮುಂದೆ ಓಡಿದಳು. ಬರಿಗಾಲು. ರಸ್ತೆಯ ಸೇತುವೆ ಕಾಣುವ ತನಕ ನನ್ನಿಂದ ಅವಳನ್ನು ಹಿಂದೆ ಹಾಕಲಾಗಲಿಲ್ಲ.

ಏಳು ನಿಮಿಷ ಉಳಿಸಿ ಬಬಲೇಶ್ವರ ಮುಟ್ಟಿದೆ. ಯಜಮಾನರು ಕಬ್ಬಿನ ಹಾಲಿನ ಗ್ಲಾಸು ಹಿಡಿದವರು ಹಿಡಿದಂತೆಯೇ ನಿಂತರು. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ, ಪಾಪ, ಓಡಿದವರು ತಾವೇ ಎಂಬಂತೆ. ಚೀಲ ಹೊರುವ ಅಭ್ಯಾಸಕ್ಕೆಂದು ಮನೆಯಲ್ಲಿ ಹತ್ತು ಕಿಲೋ ಜೋಳ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದರು. "ಹಳ್ಳದಾಗ ಮತ್ತೊಮ್ಮೆ ಓಡು, ಛಲೋ ತಯಾರಿ ಆಗತೈತಿ," ಎಂದಾಗಲೆಲ್ಲ ನಾನು ತೊರವಿಯ ಹಾದಿ ಹಿಡಿಯುತ್ತಿದ್ದೆ. ಗೆದ್ದಿದ್ದೆ, ಆದರೆ ಮಜ್ಜಿಗೆ ಕುಡಿಸಿದವಳಿಗೆ ಹೇಳಿದ ಸುಳ್ಳು ಆ ಹಳ್ಳದಲ್ಲೇ ಕೂತಿತ್ತು. ರಾಜಸ್ಥಾನಕ್ಕೆ ಹೊರಡಲು ನಾಲ್ಕು ದಿನ ಇರುವಾಗ ಯಾರಿಗೂ ಹೇಳದೆ ಸ್ಕೂಟರ್ ತೆಗೆದೆ.

ಆ ಜಾಲಿಯ ಬುಡದಿಂದ ಹೊಲದ ಕೊನೆಯ ತನಕ ಒಂದು ಕಾಲುವೆ ತೋಡಿದ್ದರು. ಮೊಣಕಾಲಾಳ, ನೇರ, ಬದಿಗಳನ್ನು ಸಲಿಕೆಯಿಂದ ತಟ್ಟಿ ನುಣ್ಣಗೆ ಮಾಡಿದ್ದರು.

"ನೋಡ್ರಿ ಅಕ್ಕಾರ, ನಾವು ತಯಾರ ಅದೀವಿ," ಎಂದು ಅವಳು ನಕ್ಕಳು. "ನಾನೂ ನನ್ನ ಮಗಳೂ ಕೂಡಿ ಹಡ್ಡೀವಿ." ಅಂಗೈ ತುಂಬ ಬೊಬ್ಬೆ.

ಹೇಳಿದೆ. ನಿಂತಲ್ಲೇ ನಿಂತು, ಶರ್ತಿನಿಂದ ಸುಳ್ಳಿನ ತನಕ ಎಲ್ಲ ಹೇಳಿದೆ. ಬೈದಿದ್ದರೆ ಬದುಕುತ್ತಿದ್ದೆ. ಅವಳು ಬೈಯಲಿಲ್ಲ.

"ಗಂಡನ್ನ ಗೆದ್ದಿ?" ಎಂದು ಕೇಳಿದಳು.

"ಗೆದ್ದೆ."

ಅವಳು ಕಾಲುವೆಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. "ಹೋಗು, ಓಡು. ಅದೊಂದಾರ ಬರತೈತಲ್ಲ ನಿನಗ."

ನನ್ನ ಸ್ಕೂಟರ್ ಕಾಲುವೆಯ ಆಚೆ ನಿಂತಿತ್ತು. ಒಂದೇ ಜಿಗಿತಕ್ಕೆ ದಾಟಬಹುದಿತ್ತು. ಅವಳ ಕಣ್ಣೆದುರು ಜಿಗಿಯಲು ಕಾಲು ಬರಲಿಲ್ಲ. ಒಳಗೆ ಇಳಿದು, ಆ ನುಣುಪು ಬದಿ ಕುಸಿಯದಂತೆ ಕೈ ಊರಿ, ಆಚೆ ಹತ್ತಿದೆ.