ಸಂತೆಯಲ್ಲಿ ಅವ್ವನ ಜಾಗ

ಗೋವಾದ ಕೊರ್ತಾಲಿಮ್ ಹತ್ತಿರದ ಸಂತೆಯಲ್ಲಿ ಅವ್ವ ಸೊಪ್ಪು ಮಾರುತ್ತಿದ್ದಳು. ಪಕ್ಕದಲ್ಲಿ ಮೀನು ಮಾರುವ ಅಲ್ಲಿಯವಳೇ ಆದ ಮುದುಕಿ ಅವ್ವನ ಮುರುಕು ಕೊಂಕಣಿ ಕೇಳಿ ನಗುತ್ತ, ತನ್ನ ಚಹಾದಲ್ಲಿ ಅರ್ಧ ಕೊಡುತ್ತಿದ್ದಳು.

2007ರ ಸುಮಾರಿಗೆ ಒಂದು ದಿನ ಕೆಲವರು ಬಂದು, ಘಟ್ಟದ ಮೇಲಿನ ನಮ್ಮನ್ನು ‘ಘಾಟಿಗಳು’ ಎಂದು ಬೈದು, ಕರ್ನಾಟಕಕ್ಕೆ ಹೋಗಿರೆಂದು ಬುಟ್ಟಿಗಳನ್ನು ಒದ್ದರು. ಅವರಲ್ಲಿ ಮುದುಕಿಯ ಮಗನೂ ಇದ್ದ. ನಾನೇ ಹಟ ಹಿಡಿದು ಅವ್ವನನ್ನು ವಕೀಲರ ಬಳಿ ಕರೆದೊಯ್ದು, ಅವರ ಮೇಲೆ ಕೇಸು ಹಾಕಿಸಿದೆ. ಹೊರಗಿನವರೆಂಬ ಕಾರಣಕ್ಕೆ ಯಾರನ್ನೂ ಸಂತೆಯಿಂದ ಎಬ್ಬಿಸುವಂತಿಲ್ಲ ಎಂದು ಕೋರ್ಟು ಹೇಳಿತು. ನಾನು ಓಣಿಗೆಲ್ಲ ಪೇಡೆ ಹಂಚಿದೆ.

ಅವ್ವ ಮತ್ತೆ ತನ್ನ ಜಾಗದಲ್ಲಿ ಕುಳಿತಳು. ಯಾರೂ ತಂಟೆಗೆ ಬರಲಿಲ್ಲ. ಆದರೆ ಮಗನನ್ನು ಕೋರ್ಟಿಗೆ ಎಳೆದ ಸಿಟ್ಟಿಗೆ ಮುದುಕಿ ಸಂತೆಯ ಇನ್ನೊಂದು ತುದಿಗೆ ಹೋಗಿ ಕುಳಿತಳು.

“ಬುಟ್ಟಿ ಒದ್ದಾವ ಆಕೀ ಮಗ. ನೀ ಯಾಕ ಮರಗತಿ?” ಎಂದೆ.

“ಕೋರ್ಟಿಗೆ ಹೋಗಿದ್ದು ತಪ್ಪಂತ ನಾ ಅನ್ನಾಕತ್ತಿಲ್ಲ. ಆದ್ರ ಆಕೀ ಮಾತು ಬಿಟ್ಟಿದ್ದಕ್ಕ ಭಾಳ ಸಂಕಟ ಆಗೇತವಾ,” ಎಂದಳು ಅವ್ವ.

ಆ ಜಾಗದಲ್ಲಿ ಅವ್ವ ಮುಂದೆ ವರ್ಷಗಟ್ಟಲೆ ವ್ಯಾಪಾರ ಮಾಡಿದಳು. ಮುದುಕಿ ತೀರಿಕೊಂಡ ದಿನ ಮಾತ್ರ ಸಂತೆಗೆ ಹೋಗಲಿಲ್ಲ. ಮಣ್ಣಿಗೆ ಹೋಗಬೇಕೆಂದು ಬೇರೆ ಸೀರೆ ಉಟ್ಟು ಸಿದ್ಧಳಾದಳು. ಆದರೆ ಆ ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ನಮ್ಮ ಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟಳು.