ಜಲೀಲಾಕನ ಮೈಕ್ ಕೆಟ್ಟ ದಿನ

ದೋಹಾದಲ್ಲಿ ಆಫ್ರಿಕಾದ ಸಿನಿಮಾಗಳನ್ನು ಎಲ್ಲರಿಗಿಂತ ಹೆಚ್ಚು ನೋಡಿದವರು ಯಾರು ಎಂದು ಕೇಳಿದರೆ ಕೋಟು-ಟೈಯವರು ಹತ್ತು ಜನ ಕೈ ಎತ್ತಿಯಾರು. ನಂಬಬೇಡಿ. ಆ ಮನುಷ್ಯ ಫರಂಗಿಪೇಟೆಯ ಜಲೀಲ್. ಆಫ್ರಿಕಾ ನಕಾಶೆಯಲ್ಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಅವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಅಲ್ಲಿನ ಹತ್ತೊಂಬತ್ತು ಸಿನಿಮಾಗಳನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕೂತು ನೋಡಿದವನು ಈ ಊರಿನಲ್ಲಿ ಅವನೊಬ್ಬನೇ.

ಅದು ಕಲಾಪ್ರೇಮದಿಂದ ಅಂದುಕೊಂಡರೆ ತಪ್ಪು. ಅದು ಅವನ ಕೆಲಸ. ಹೋಟೆಲುಗಳ ದೊಡ್ಡ ಹಾಲುಗಳಲ್ಲಿ ಸಭೆ ನಡೆಯುವಾಗ ಮೈಕು, ಪರದೆ, ಪ್ರೊಜೆಕ್ಟರ್ ಎಲ್ಲ ಜೋಡಿಸಿ, ಹಿಂಬದಿಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಮೇಜಿನ ಮುಂದೆ ಒಬ್ಬ ಕೂತಿರುತ್ತಾನಲ್ಲ, ಯಾರೂ ತಿರುಗಿ ನೋಡದವನು, ಅವನೇ ಜಲೀಲ್; ಊರಿನ ಕಿರಿಯರಿಗೆ ಜಲೀಲಾಕ. ವಯಸ್ಸು ಐವತ್ತನಾಲ್ಕು. ಅಲ್ ಹಿಲಾಲ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಹೆಂಡತಿ ಝಾಹಿದಾಳ ಜೊತೆ ಸಂಸಾರ. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಮೈಕು ಒಂದು ಸಲವೂ ಕೈಕೊಟ್ಟದ್ದಿಲ್ಲ. ಈ ಮಾತನ್ನು ಅವನೇ ಹೇಳಿಕೊಳ್ಳುತ್ತಿದ್ದ, ಕೇಳಿದವರಿಗೂ ಕೇಳದವರಿಗೂ.

ಊರಲ್ಲಿದ್ದಾಗ ಅವನು ಒಂದು ಸೌಂಡ್ಸ್ ಅಂಗಡಿಯಲ್ಲಿದ್ದ. ಯಕ್ಷಗಾನಕ್ಕೂ ಅವನದೇ ಮೈಕು, ಉರೂಸಿಗೂ ಅವನದೇ, ಚರ್ಚಿನ ಹಬ್ಬಕ್ಕೂ ಅವನದೇ. ಒಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಡ್ಯಾನ್ಸಿನ ಕ್ಯಾಸೆಟ್ಟು ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು. ವೇದಿಕೆಯ ಮೇಲಿದ್ದ ಆರು ವರ್ಷದ ಹುಡುಗಿ ಎತ್ತಿದ ಕೈ ಇಳಿಸಲೂ ಗೊತ್ತಾಗದೆ ನಿಂತಲ್ಲೇ ಅತ್ತುಬಿಟ್ಟಳು. ಅವತ್ತು ಜಲೀಲ್ ಹರಕೆ ಹೊತ್ತವನಂತೆ ನಿಶ್ಚಯಿಸಿದ: ಯಾರು ಏನೇ ತಂದುಕೊಡಲಿ, ಹಿಂದಿನ ದಿನ ಪೂರ್ತಿ ಓಡಿಸಿ ನೋಡದೆ ಸಭೆಯಲ್ಲಿ ಹಾಕುವುದಿಲ್ಲ. ಸಿಮೆಂಟ್ ಕಂಪನಿಯ ವಾರ್ಷಿಕ ವರದಿಯ ವಿಡಿಯೋವನ್ನೂ ಅವನು ನಲವತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದ್ದಾನೆ. ಪಾಪ.

ಇನ್ನು ಆ ಸಮ್ಮೇಳನದ ವಿಷಯ. ಆಫ್ರಿಕಾದ ಚಲನಚಿತ್ರ ಮತ್ತು ದೃಶ್ಯಶ್ರವ್ಯ ಉದ್ಯಮಗಳ ಅಭಿವೃದ್ಧಿಗಾಗಿ ಅಂತಾರಾಷ್ಟ್ರೀಯ ಸಹಕಾರ ಸಮ್ಮೇಳನ. ಹೆಸರು ಓದಿ ಮುಗಿಸುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆ. ಯುರೋಪಿನ ಯಾವುದೋ ಪ್ರತಿಷ್ಠಾನ ಪ್ರತಿ ನವೆಂಬರಿನಲ್ಲಿ ದೋಹಾದ ಹೋಟೆಲೊಂದರಲ್ಲಿ ಇದನ್ನು ನಡೆಸುತ್ತದೆ. ಹತ್ತು ದೇಶಗಳ ಬಾವುಟ, ಎರಡು ಭಾಷೆಗೆ ತರ್ಜುಮೆ, ಮೂರು ಬಗೆಯ ಬಿರಿಯಾನಿ. ಆಫ್ರಿಕಾದ ಸಿನಿಮಾಕ್ಕೆ ಏನು ಬೇಕು ಎಂದು ಎಲ್ಲರೂ ಮಾತಾಡುತ್ತಾರೆ. ಬೇಕಾದದ್ದು ಒಂದೇ, ಯಾರಾದರೂ ಕೂತು ನೋಡಬೇಕು. ಅದಕ್ಕೆ ಮಾತ್ರ ಅಲ್ಲಿ ಪುರುಸೊತ್ತಿಲ್ಲ.

ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿ ವರ್ಷ ಸಿನಿಮಾ ಇರುತ್ತದೆ. ಆದರೆ ಭಾಷಣ ಎಂಬುದು ಉದ್ದವಾಗುವ ವಸ್ತು. ಊಟದ ಹೊತ್ತು ಹತ್ತಿರ ಬಂದಾಗ ಯಾರಾದರೂ ಬಂದು ಜಲೀಲನ ಕಿವಿಯಲ್ಲಿ ಹೇಳುತ್ತಾರೆ, ಎರಡು ನಿಮಿಷ ಹಾಕಿದರೆ ಸಾಕು. ನಾಲ್ಕು ವರ್ಷಗಳಲ್ಲಿ ಹದಿನೆಂಟು ಸಿನಿಮಾಗಳು ಹೀಗೆ ಎರಡೆರಡು ನಿಮಿಷ ಬದುಕಿ ಸತ್ತವು. ಕಥೆ ಗೊತ್ತಿದ್ದ ಜಲೀಲ್ ಮಾತ್ರ, ನಿಲ್ಲಿಸುವ ಗುಂಡಿ ಒತ್ತಿದ ಮೇಲೆ, ಕೊಲೆ ಮಾಡಿದವನಂತೆ ತಲೆ ತಗ್ಗಿಸಿ ಕೂರುತ್ತಿದ್ದ.

ಆ ಹದಿನೆಂಟರಲ್ಲಿ ಒಂದು ಜೆಸಿಕಾಳದು. ಉಗಾಂಡಾದ ಹೆಣ್ಣುಮಗಳು, ಮೂವತ್ತರ ಆಸುಪಾಸು. ಎರಡು ವರ್ಷದ ಹಿಂದೆ ಅವಳ ಸಿನಿಮಾ ಹೀಗೆಯೇ ನಿಂತಾಗ ಅವಳು ಸಂಯೋಜಕರ ಬಳಿ ಹೋಗದೆ ನೇರ ಜಲೀಲನ ಮೇಜಿಗೆ ಬಂದಳು. ಜಗಳ ಮಾಡುತ್ತಾಳೆ ಎಂದು ಇವನು ಹೆದರಿದ್ದ. ಅವಳು ಕೇಳಿದ್ದು ಒಂದೇ: "ನೀವು ನೋಡಿದ್ರಾ?"

ಜಲೀಲ್ ತನ್ನ ಹರುಕು ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಆ ತಮ್ಮನಾದವನು ಸೈಕಲ್ ವಾಪಸು ತಂದು ಗೋಡೆಗೆ ಒರಗಿಸುವುದು ತುಂಬಾ ಒಳ್ಳೆಯದಿತ್ತು ಎಂದ. ಅವಳ ಕಣ್ಣು ತುಂಬಿತು. "ಹಾಗಾದರೆ ಒಬ್ಬ ಪ್ರೇಕ್ಷಕ ಸಿಕ್ಕಿದ" ಎಂದು ನಕ್ಕು ಹೋದಳು.

ಐದನೆಯ ಸಮ್ಮೇಳನಕ್ಕೆ ಅವಳು ಮತ್ತೆ ಬಂದಳು, ಇಪ್ಪತ್ತನಾಲ್ಕು ನಿಮಿಷದ ಹೊಸ ಸಿನಿಮಾದೊಂದಿಗೆ. ಪೆನ್‌ಡ್ರೈವನ್ನು ಜಲೀಲನ ಅಂಗೈಯಲ್ಲಿಟ್ಟು, "ಇದೂ ಎರಡು ನಿಮಿಷ ಆದರೆ ಕ್ಯಾಮೆರಾ ಪೆಟ್ಟಿಗೆಗೆ ಹಾಕುತ್ತೇನೆ. ಮದುವೆ ವಿಡಿಯೋ ಮಾಡಿಕೊಂಡಾದರೂ ಬದುಕಬಹುದು" ಎಂದಳು. ತಮಾಷೆಗೆ ಹೇಳಿದಂತೆ ಇರಲಿಲ್ಲ. ಜಲೀಲನಿಗೆ ಏನನ್ನಿಸಿತೋ, "ಪೂರ್ತಿ ಹಾಕುತ್ತೇನೆ" ಎಂದುಬಿಟ್ಟ. ಹಾಕುವುದು ಬಿಡುವುದು ಅವನ ಕೈಯಲ್ಲಿ ಎಲ್ಲುಂಟು?

ಅವತ್ತು ಮಧ್ಯಾಹ್ನ ಖಾಲಿ ಹಾಲಿನಲ್ಲಿ ಅವನು ಅದನ್ನು ಓಡಿಸಿದ. ಸರೋವರದ ದಂಡೆಯ ಊರು. ಒಣಮೀನು ಮಾರುವ ಒಬ್ಬ ಮುದುಕಿ. ಅವಳ ರೇಡಿಯೋ ಕೆಟ್ಟಿದೆ. ಪೇಟೆಯ ರಿಪೇರಿಯವನ ಹತ್ತಿರ ಹೋದರೆ ಅವನು ನಾಳೆ ಬಾ ಎನ್ನುತ್ತಾನೆ. ಮರುದಿನವೂ ಅದೇ ಮಾತು. ಅವಳು ದಿನಾ ನಡೆಯುತ್ತಾಳೆ, ಅವನು ದಿನಾ ಒಂದೊಂದು ಹೊಸ ನೆಪ ಹೇಳುತ್ತಾನೆ. ಕೊನೆಗೆ ಮುದುಕಿ ರೇಡಿಯೋವನ್ನು ತಾನೇ ಬಿಚ್ಚಿ, ಒಳಗಿನ ಇರುವೆ ಗೂಡನ್ನು ಕೋಳಿಗರಿಯಿಂದ ಗುಡಿಸಿ ತೆಗೆಯುತ್ತಾಳೆ. ರೇಡಿಯೋ ಹಾಡುತ್ತದೆ. ಅವಳು ಅದನ್ನು ತಲೆಯ ಮೇಲೆ ಹೊತ್ತು, ದೊಡ್ಡ ಸದ್ದಿನಲ್ಲಿ ಹಾಡಿಸುತ್ತ, ರಿಪೇರಿಯವನ ಅಂಗಡಿಯ ಮುಂದೆ ಮೂರು ಸುತ್ತು ಬರುತ್ತಾಳೆ. ಅಷ್ಟೇ ಕಥೆ. ಜಲೀಲ್ ಒಬ್ಬನೇ ಕೂತು ಜೋರಾಗಿ ನಕ್ಕ.

ಊರಲ್ಲಿ ಹಿಂದೆ ದೆವ್ವಕ್ಕೆ ಹೆದರಿ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದದ್ದು ಅವನಿಗೆ ನೆನಪಾಯಿತು. ಓದು ಬರುವ ದೆವ್ವ, ಓದಿ ವಾಪಸು ಹೋಗುತ್ತಿತ್ತಂತೆ. ಈ ಸಮ್ಮೇಳನದ ಬಾಗಿಲಲ್ಲೂ ಅದನ್ನೇ ಬರೆದಿದ್ದಾರೆ, ಇಂಗ್ಲಿಷಿನಲ್ಲಿ ಸ್ವಲ್ಪ ಉದ್ದಕ್ಕೆ.

ಮನೆಗೆ ಬಂದು ಝಾಹಿದಾಳಿಗೆ ಕಥೆ ಹೇಳಿದ. ಅವಳು ಮೀನಿಗೆ ಮಸಾಲೆ ಹಚ್ಚುತ್ತ ಕೇಳುತ್ತಿದ್ದವಳು ಕೈ ನಿಲ್ಲಿಸಿದಳು.

"ಮತ್ತೆ? ರೇಡಿಯೋ ಸರಿಯಾಯ್ತಾ?"

"ಆಯ್ತು ಆಯ್ತು. ಅದೇ ಗಮ್ಮತ್ತು."

"ನಾಳೆ ಅವ್ರು ಎರಡು ನಿಮಿಷಕ್ಕೆ ನಿಲ್ಲಿಸಿದ್ರೆ ಅದು ಸರಿಯಾದದ್ದು ಯಾರಿಗೆ ಗೊತ್ತಾಗ್ಬೇಕು?" ಎಂದಳು ಝಾಹಿದಾ. "ಆ ಅಜ್ಜಿ ಕೆಟ್ಟ ರೇಡಿಯೋ ಹಿಡ್ಕೊಂಡೇ ನಿಂತಿರ್ಬೇಕಲ್ಲ, ಪಾಪ."

ಆ ರಾತ್ರಿ ಜಲೀಲ್ ಮೀನನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಮರುದಿನ ಸಿನಿಮಾದ ಹೊತ್ತು ಹನ್ನೊಂದೂವರೆ. ಹನ್ನೆರಡಾದರೂ ಏಳು ಭಾಷಣಗಾರರಲ್ಲಿ ನಾಲ್ಕನೆಯವರು ಇನ್ನೂ ಎಲ್ಲರಿಗೂ ಧನ್ಯವಾದ ಹೇಳುತ್ತಲೇ ಇದ್ದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಜೆಸಿಕಾ ಎರಡನೆಯ ಸಾಲಿನಲ್ಲಿ ಹಸಿರು ಉಡುಪು ತೊಟ್ಟು ಕೂತಿದ್ದಳು; ಪ್ರತಿ ಚಪ್ಪಾಳೆಗೂ ಹಿಂದೆ ತಿರುಗಿ ಜಲೀಲನ ಕಡೆ ನೋಡುತ್ತಿದ್ದಳು.

ಬೆನ್ನಿ ಬಂದ. ಕಾರ್ಯಕ್ರಮದ ಹೊಣೆ ಹೊತ್ತ ಮ್ಯಾನೇಜರ್, ಜಲೀಲನ ಕಂಪನಿಯವನೇ, ಬಂಟ್ವಾಳದವನು. ಒಳ್ಳೆಯವನು, ಆದರೆ ಮೇಲಿನವರ ಮುಖ ನೋಡಿದರೆ ಬೆವರುವ ಜಾತಿ.

"ಜಲೀಲಾಕ, ಸಿನಿಮಾ ಎರಡು ನಿಮಿಷ ಸಾಕಂತೆ ಮಾರಾಯ್ರೆ."

"ಎರಡು ನಿಮಿಷದಲ್ಲಿ ಆ ಅಜ್ಜಿ ಮನೆ ಮೆಟ್ಟಿಲು ಸಹ ಇಳಿಯುವುದಿಲ್ಲ ಬೆನ್ನಿ."

"ಯಾವ ಅಜ್ಜಿ? ಎಂತ ಹೇಳ್ತೀರಿ ನೀವು? ಯಲ್ಲಾ, ಎರಡು ನಿಮಿಷ, ಖಲಾಸ್" ಎಂದು ಅರಬ್ಬಿಯಲ್ಲಿ ಅವಸರಿಸಿ ಬೆನ್ನಿ ಓಡಿದ.

ಐದನೆಯವರು ಎದ್ದರು. ಪ್ರತಿಷ್ಠಾನದ ಹಿರಿಯ ಸಲಹೆಗಾರರು, ಬಿಳಿ ಗಡ್ಡ, ಕೈಯಲ್ಲಿ ಹನ್ನೊಂದು ಹಾಳೆ. ಜಲೀಲ್ ಹಾಳೆಗಳನ್ನು ದೂರದಿಂದಲೇ ಎಣಿಸಿದ. "ಆಫ್ರಿಕಾಕ್ಕೆ ಇಂದು ಬೇಕಾಗಿರುವುದು ಧ್ವನಿ" ಎಂದು ಅವರು ಶುರುಮಾಡಿದರು. "ಆಫ್ರಿಕಾದ ಧ್ವನಿಯನ್ನು ನಾವು ಕೇಳಿಸಿಕೊಳ್ಳಬೇಕು. ಆ ಧ್ವನಿಗೆ ನಾವು..."

ಜಲೀಲನ ಬೆರಳು ಮೇಜಿನ ಮೇಲೆ ಮೆಲ್ಲ ಚಲಿಸಿತು. ವೇದಿಕೆಯ ಮೂರೂ ಮೈಕುಗಳ ಗುಂಡಿಗಳನ್ನು ಒಂದೊಂದಾಗಿ ಕೆಳಗೆ ಎಳೆದ. ಇಪ್ಪತ್ತೆರಡು ವರ್ಷದ ಮಾನ ಅದರ ಜೊತೆಗೇ ಇಳಿಯಿತು. ಅವನ ಕಿವಿ ಬಿಸಿಯಾಯಿತು. ಕಳ್ಳತನ ಮಾಡಿದವನಿಗೂ ಹೀಗೇ ಆಗುತ್ತದೇನೋ.

ಸಲಹೆಗಾರರ ಬಾಯಿ ಆಡುತ್ತಿತ್ತು, ಸದ್ದಿಲ್ಲ. ಅವರು ಮೈಕನ್ನು ತಟ್ಟಿದರು, ಊದಿದರು, ಪಕ್ಕದವರ ಮೈಕು ಎಳೆದುಕೊಂಡರು. ಬೆನ್ನಿ ಕುರ್ಚಿಗಳಿಗೆ ಡಿಕ್ಕಿ ಹೊಡೆಯುತ್ತ ಓಡಿಬಂದ.

"ಎಂತಾಯ್ತು ಜಲೀಲಾಕ? ಸಾವು! ಇವತ್ತೇ ಆಗ್ಬೇಕಾ ಇದು?"

"ಮೈಕ್ ಹೋಯ್ತು. ಇಪ್ಪತ್ತೈದು ನಿಮಿಷ ಬೇಕು."

"ಅಲ್ಲಿವರೆಗೆ ಇವ್ರನ್ನು ಎಂತ ಮಾಡುವುದು?"

"ಸಿನಿಮಾದ ಸೌಂಡಿನ ಲೈನು ಬೇರೆ. ಅದು ಸರಿ ಉಂಟು" ಎಂದ ಜಲೀಲ್, ಬೆನ್ನಿಯ ಮುಖ ನೋಡದೆ.

ದೀಪ ಆರಿತು. ಮುದುಕಿ ಮೆಟ್ಟಿಲಿಳಿದಳು.

ಇಲ್ಲಿ ಎಲ್ಲರೂ ಮೈಮರೆತು ನೋಡಿದರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಕತ್ತಲೆಯಾದದ್ದೇ ತಡ, ಒಬ್ಬೊಬ್ಬರೇ ಬಗ್ಗಿಕೊಂಡು ಹೊರಗೆ ಜಾರಿದರು. ಹೊರಗೆ ಬಿರಿಯಾನಿಯ ಮುಚ್ಚಳ ತೆಗೆದಿದ್ದರಲ್ಲ. ಮುದುಕಿ ಮೊದಲ ಸಲ ಪೇಟೆ ತಲುಪುವಷ್ಟರಲ್ಲಿ ಇನ್ನೂರು ಕುರ್ಚಿಗಳಲ್ಲಿ, ಜೆಸಿಕಾಳನ್ನು ಬಿಟ್ಟು, ಒಂಬತ್ತು ಜನ ಉಳಿದರು. ಜೆಸಿಕಾ ಈಗ ಹಿಂದೆ ತಿರುಗಿ ನೋಡುವುದನ್ನು ಬಿಟ್ಟಿದ್ದಳು. ಅವಳ ಬಗ್ಗಿದ ತಲೆ ನೋಡಿ ಜಲೀಲನಿಗೆ ಅಳು ಬಂತು. ಮಾನವೂ ಹೋಯಿತು, ಸಿನಿಮಾವೂ ಹೋಯಿತು.

ಆದರೆ ಹೊರಟವರು ಬಾಗಿಲು ತೆರೆದಿಟ್ಟು ಹೋಗಿದ್ದರು. ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿ ಹೆಣ್ಣುಮಗಳು ಮೆಲಿಸ್ಸಾ, ಅವಳೂ ಉಗಾಂಡಾದವಳೇ. ಐದು ವರ್ಷದಿಂದ ಆಫ್ರಿಕಾದ ಸಿನಿಮಾದ ಸಮ್ಮೇಳನವನ್ನು ಬಾಗಿಲ ಹೊರಗೆ ನಿಂತು ಕಾದವಳು. ಅವಳ ಕಿವಿಗೆ ಅವಳ ಮನೆಮಾತು ಬಿತ್ತು. ಒಂದು ಹೆಜ್ಜೆ ಒಳಗಿಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಕೊನೆಯ ಸಾಲಿನಲ್ಲಿ ಕೂತೇಬಿಟ್ಟಳು, ವಾಕಿಟಾಕಿಯಲ್ಲಿ ಏನೋ ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿಗೆ ಲಿಫ್ಟಿನ ಬಳಿಯವನು ಬಂದ, ಪಾರ್ಕಿಂಗಿನವರಿಬ್ಬರು ಬಂದರು, ಹೀಗೆ ಹದಿನಾಲ್ಕು ಜನ. ಕೆಲವರು ಕೀನ್ಯಾದವರು, ಭಾಷೆ ತಿಳಿಯದವರಿಗೆ ಮೆಲಿಸ್ಸಾ ಹೇಳುತ್ತಿದ್ದಳು. ರಿಪೇರಿಯವನು ನಾಲ್ಕನೆಯ ಸಲ 'ನಾಳೆ ಬಾ' ಎಂದಾಗ ಆ ಹದಿನಾಲ್ಕು ಜನ ಒಟ್ಟಿಗೆ ಬೈದರು. ಮುದುಕಿ ರೇಡಿಯೋ ಹೊತ್ತು ಸುತ್ತು ಹೊಡೆದಾಗ ಮೆಲಿಸ್ಸಾ ಎದ್ದು ನಿಂತು ಕೂಗಿದಳು. ಜೆಸಿಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು.

ಗದ್ದಲ ಕೇಳಿ ಪ್ರತಿನಿಧಿಗಳು ತಟ್ಟೆ ಹಿಡಿದೇ ಓಡಿಬಂದರು. ಸಿನಿಮಾ ನೋಡಲಲ್ಲ, ನೋಡುವವರ ಫೋಟೋ ತೆಗೆಯಲು.

ದೀಪ ಹತ್ತಿದ ಮೇಲೆ ಜೆಸಿಕಾ ಮೇಜಿನ ಬಳಿ ಬಂದಳು. "ಇಪ್ಪತ್ತಮೂರು" ಎಂದಳು.

"ನನ್ನನ್ನು ಸೇರಿಸಿಯಾ?"

"ನಿಮ್ಮನ್ನು ಹೋದ ಸಲವೇ ಎಣಿಸಿದ್ದೇನೆ."

ಜಲೀಲ್ ಮೈಕಿನ ಗುಂಡಿಗಳನ್ನು ಮೇಲಕ್ಕೆ ಎತ್ತಿದ. ಮೈಕು ಸರಿಯಾಯಿತು. ಸಲಹೆಗಾರರು ಉಳಿದ ಹತ್ತು ಹಾಳೆ ಓದಿದರು.

ಆಮೇಲಿನದ್ದು ಕೇಳಿ. ಪ್ರತಿಷ್ಠಾನದ ದೂರು ಬಂತು. ಬೆನ್ನಿ ಮೈಕನ್ನು ಪರೀಕ್ಷಿಸಿದ, ಅದರಲ್ಲಿ ಎಳ್ಳಷ್ಟೂ ದೋಷ ಕಾಣಲಿಲ್ಲ. ತಪ್ಪನ್ನು ಬ್ಯಾಟರಿಯ ಮೇಲೆ ಹಾಕುವ ಎಂದು ಅವನೇ ಸೂಚಿಸಿದ. ಆದರೆ ಬ್ಯಾಟರಿ ಕೊಟ್ಟವನು ಗೋದಾಮಿನ ತಾಹಿರ್, ಅವನ ಕೆಲಸ ಹೋಗುತ್ತದೆ. ಜಲೀಲ್ ಫಾರಮಿನಲ್ಲಿ 'ಆಪರೇಟರನ ತಪ್ಪು' ಎಂದು ಬರೆದು ಸಹಿ ಹಾಕಿದ. ಕಂಪನಿ ಅವನನ್ನು ಹೋಟೆಲುಗಳಿಂದ ತೆಗೆದು ಇಂಡಸ್ಟ್ರಿಯಲ್ ಏರಿಯಾದ ಗೋದಾಮಿಗೆ ವಯರು ಸುತ್ತಲು ಹಾಕಿತು.

ಪ್ರತಿಷ್ಠಾನದ ವರದಿಯೂ ಅಚ್ಚಾಗಿ ಬಂತು. ಮುಖಪುಟದಲ್ಲಿ ಎದ್ದು ಕೂಗುತ್ತಿರುವ ಮೆಲಿಸ್ಸಾ. ಕೆಳಗೆ 'ಸಮ್ಮೇಳನದಲ್ಲಿ ಭಾಗವಹಿಸಿದ ಆಫ್ರಿಕನ್ ಪ್ರೇಕ್ಷಕರು'. ಅದೇ ಫೋಟೋ ನೋಡಿ, ಜಾಗ ಬಿಟ್ಟು ಕೂತದ್ದಕ್ಕೆ ಅವಳ ಕಂಪನಿ ಎರಡು ದಿನದ ಸಂಬಳ ಹಿಡಿಯಿತು. ಒಳಗೆ ಕೊನೆಯ ಶಿಫಾರಸು: ಮೈಕ್ ಕೈಕೊಟ್ಟದ್ದನ್ನು ಗಮನಿಸಿ, ಆರನೆಯ ಸಮ್ಮೇಳನದಲ್ಲಿ ಆಫ್ರಿಕಾಕ್ಕೆ ಧ್ವನಿ ತಂತ್ರಜ್ಞಾನದ ತರಬೇತಿ ಕುರಿತು ವಿಶೇಷ ಗೋಷ್ಠಿ. ಫರಂಗಿಪೇಟೆಯವನ ತಪ್ಪಿಗೆ ಆಫ್ರಿಕಾಕ್ಕೆ ತರಬೇತಿ! ಜಲೀಲ್ ನಗಬೇಕೋ ಅಳಬೇಕೋ ತಿಳಿಯದೆ ವಯರು ಸುತ್ತಿದ.

ಒಂದು ಗುರುವಾರ ಮೆಲಿಸ್ಸಾ ಗೋದಾಮಿಗೇ ಬಂದಳು. ಅವಳ ಕಂಪನಿಯ ಕೆಲಸಗಾರರು ಉಳಿಯುವ ಕ್ಯಾಂಪು ಎರಡು ಬೀದಿ ಆಚೆ. "ನಾವು ಸಿನಿಮಾದ ಮೊದಲಿನ ಭಾಗ ನೋಡಲೇ ಇಲ್ಲ. ಅಜ್ಜಿಯ ರೇಡಿಯೋ ಕೆಟ್ಟದ್ದು ಹೇಗೆ?" ಎಂದಳು.

ಜಲೀಲ್ ಜೆಸಿಕಾಳಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದ. ಅವಳು ಎರಡೂ ಸಿನಿಮಾ ಕಳಿಸಿದಳು, ಹೊಸದೊಂದನ್ನು ಶುರುಮಾಡಿದ್ದೇನೆ ಎಂದೂ ಹೇಳಿದಳು. ಗೋದಾಮಿನ ಬೀಗದ ಕೈ ಕೊಟ್ಟವನು ಬೆನ್ನಿ, ಏನೂ ಕೇಳಲಿಲ್ಲ. ಮುಂದಿನ ಗುರುವಾರ ಎರಡನ್ನೂ ಪೂರ್ತಿ ಓಡಿಸಿ ನೋಡಿದ್ದಾಯಿತು. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಜಲೀಲ್ ಮೂಲೆ ಹರಿದ ಪರದೆ ಕಟ್ಟಿದ. ಝಾಹಿದಾ ದೊಡ್ಡ ಪಾತ್ರೆಯಲ್ಲಿ ಚಹಾ ತಂದಳು. ಕಂಪನಿ ಬಸ್ಸಿನಲ್ಲಿ, ನಡೆದು, ಜನ ಬಂದರು. ಡಬ್ಬಗಳ ಮೇಲೆ, ನೆಲದ ಮೇಲೆ, ಇನ್ನೂರಕ್ಕೂ ಹೆಚ್ಚು.

ಅಷ್ಟು ಜನರನ್ನು ನೋಡಿ ಬೆನ್ನಿಯೊಳಗೂ ಸಮ್ಮೇಳನದ ಚಾಳಿ ಎದ್ದಿತು. ಅಂಗಿ ಸರಿಮಾಡಿಕೊಂಡು ಮುಂದೆ ಬಂದ.

"ಜಲೀಲಾಕ, ಇಷ್ಟು ದೇಶದವ್ರು ಸೇರಿದ್ದಾರೆ. ಮೈಕ್ ಕೊಡಿ, ಒಂದೆರಡು ಮಾತು ಹೇಳ್ತೇನೆ."

"ಮೈಕ್ ಕೆಟ್ಟಿದೆ" ಎಂದ ಜಲೀಲ್. "ಕೂತ್ಕೋ."